ಬಿಟ್ಟುಹೋದ ಒತ್ತು

ಆಳಂದದ ಬಸ್ ನಿಲ್ದಾಣದ ರಸ್ತೆಯಲ್ಲಿ ಟಾಕೀಜು ಈಗ ಶಾದಿಮಹಲ್ ಆಗಿದೆ. ಹಿಟ್ಟಿನ ಗಿರಣಿಯಲ್ಲಿ ಎಟಿಎಂ ಕೂತಿದೆ. ಆದರೂ ಜನ ಆಟೋದವನಿಗೆ "ಟಾಕೀಜ್ ಮುಂದ ನಿಲ್ಲಸು" ಎನ್ನುತ್ತಾರೆ. ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲಾಗದೆ ಅದೇ ರಸ್ತೆಯ ತನ್ನ ಹೊಲಿಗೆ ಅಂಗಡಿಯನ್ನು ಬಾಡಿಗೆಗೆ ಕೊಡುವಾಗ ದತ್ತಪ್ಪ ಕೇಳಿದ್ದು ಒಂದೇ.

"ಒಳಗ ಏನರೆ ಮಾಡ್ಕೋ. ಹೆಸರು ತೆಗಿಬ್ಯಾಡ."

"ಹೆಸರು ಅದೇ ಇರ್ತದ ಕಾಕಾ, ನನ್ನ ಮ್ಯಾಲ ಬಿಡ್ರಿ," ಎಂದ, ಮೊಬೈಲ್ ಅಂಗಡಿ ಹಾಕಲಿದ್ದ ಮುಜಮ್ಮಿಲ.

ಷಟರಿನ ಮೇಲಿನ ಗೋಡೆಯಲ್ಲಿ ನೀಲಿ ಬಣ್ಣದಲ್ಲಿ 'ಪಲವಿ ಟೇಲರ್ಸ್' ಎಂದಿತ್ತು. ಮಗಳು ಹುಟ್ಟಿದ ವರ್ಷ ಬರೆಸಿದ್ದು. ಪೇಂಟರ್ ಲಕಾರದ ಒತ್ತು ಮರೆತಿದ್ದ. ಓದಲು ಕಲಿತ ಪಲ್ಲವಿ ಅಂಗಡಿ ಮುಂದೆ ನಿಂತು ಬಿದ್ದು ಬಿದ್ದು ನಕ್ಕಿದ್ದಳು. "ಅಪ್ಪಾ, ಯಾರಪಾ ಈ ಪಲವಿ? ನಾ ಅಲ್ಲ!"

ಅಂದಿನಿಂದ ಮನೆಯಲ್ಲಿ ಅವಳು ಪಲವಿಯೇ. "ಏ ಪಲವಿ, ಉಣ್ಣಾಕ ಬಾ ಬೇ" ಎಂದು ತಾಯಿ ರುಕ್ಮಿಣಿಬಾಯಿ ಕರೆದರೆ, "ಆಕಿ ಅಂಗಡಿ ಗ್ವಾಡಿ ಮ್ಯಾಲ ಅದಾಳ, ಅಲ್ಲೇ ಒಯ್ದು ಉಣಸು" ಎನ್ನುತ್ತಿದ್ದಳು ಮಗಳು. ಓದು ಬಾರದ ತಾಯಿಗೆ ಆ ಮೂರು ಅಕ್ಷರ ಕಲಿಸಿದವಳೂ ಅವಳೇ. ಹನ್ನೊಂದು ತುಂಬುವ ಮೊದಲೇ ಅರಿಶಿನ ಕಾಮಣಿಯಾಗಿ ತೀರಿಹೋದಳು. ಆಮೇಲೆ ಒತ್ತು ಹಾಕಿಕೊಡುತ್ತೇನೆಂದು ಪೇಂಟರ್ ಬಂದಾಗಲೆಲ್ಲ ದತ್ತಪ್ಪ ಚಹಾ ಕುಡಿಸಿ ಕಳಿಸುತ್ತಿದ್ದ.

ಮುಜಮ್ಮಿಲ ಅಂಗಡಿ ತೆರೆದ ದಿನ ದತ್ತಪ್ಪ ನೋಡಲು ಹೋದ. ಗೋಡೆಯನ್ನು ಕೆರೆದು ಬಿಳಿ ಬಣ್ಣ ಬಳಿದಿದ್ದರು. ಅದರ ಮೇಲೆ ಹೊಳೆಯುವ ಫ್ಲೆಕ್ಸ್: 'ಪಲ್ಲವಿ ಮೊಬೈಲ್ ಶಾಪಿ'.

"ಹಳೇದ್ರಾಗ ತಪ್ಪಿತ್ತು ಕಾಕಾ. ಇಷ್ಟು ವರ್ಷ ಯಾರೂ ನೋಡೇ ಇಲ್ಲ ಅನಸ್ತದ. ನಾನೇ ತಿದ್ದಸೇನಿ," ಎನ್ನುತ್ತ ಮುಜಮ್ಮಿಲ ಅಂಗೈಗೆ ಪೇಡಾ ಇಟ್ಟ. ಕೊಟ್ಟ ಮಾತು ಉಳಿಸಿಕೊಂಡ ಖುಷಿ ಅವನ ಮುಖದ ತುಂಬ ಇತ್ತು.

"ಛಲೋ ಆಗ್ಯಾದಪಾ," ಎಂದ ದತ್ತಪ್ಪ. ಪೇಡಾ ಕೈಯಲ್ಲೇ ಉಳಿಯಿತು.

ಮನೆಯಲ್ಲಿ ರುಕ್ಮಿಣಿಬಾಯಿ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಿ ಕೇಳಿದಳು, "ಪಲವಿ ಅಲ್ಲೇ ಅದಾಳಲ್ರಿ?"

"ಅದಾಳ."

"ಸಂತಿ ದಿನ ನಾನೂ ನೋಡ್ಕೊಂಡ್ ಬರ್ತೇನಿ."

ದತ್ತಪ್ಪ ಹಿಟ್ಟಿನ ಕಡೆ ನೋಡುತ್ತ ಕೂತ.

"ಈ ಸಲ ಸಂತಿಗಿ ನಾ ಹೋಗ್ತೇನಿ. ಬಿಸಲು ಭಾಳ ಅದ."

ಮದುವೆಯಾದಂದಿನಿಂದ ಒಮ್ಮೆಯೂ ಸಂತೆ ಮಾಡಿದವನಲ್ಲ ಅವನು. ರುಕ್ಮಿಣಿಬಾಯಿ ಅವನ ಮುಖವನ್ನೇ ನೋಡಿದಳು. ಹಿಟ್ಟಿನ ಕೈಯಲ್ಲೇ ಸಂತೆಯ ಚೀಲ ತೆಗೆದು ಅವನ ಪಕ್ಕ ಇಟ್ಟಳು.