ಕೈ ಹಚ್ಚಬಾರದ ಎರಡು ಗಂಟೆ

ಕೈಕಟ್ಟಿ ನಿಲ್ಲುವುದಕ್ಕೂ ತರಬೇತಿ ಬೇಕು ಎಂದರೆ ನಗಬೇಡಿ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ದುಡಿದ ಅಕ್ಕ, ಅಲ್ಲಿ ಎಲ್ಲರಿಗೂ ಅವಳು ಅಕ್ಕನೇ, ಅದೊಂದರಲ್ಲೇ ಎರಡು ಸಲ ಫೇಲಾಗಿದ್ದಳು. ವಿಭಾಗದ ಮ್ಯಾನೇಜರ್ ಆಗಬೇಕೆನ್ನುವವರಿಗೆ ಒಂದೂವರೆ ವರ್ಷದ ಅಪ್ರೆಂಟಿಸ್ ತರಬೇತಿ ಇತ್ತು. ಪಾಠ, ಪಾಳಿಪಟ್ಟಿ, ವರದಿ ಎಲ್ಲವನ್ನೂ ನೀರು ಕುಡಿದಷ್ಟು ಸುಲಭವಾಗಿ ಮುಗಿಸಿದ್ದಳು. ಉಳಿದದ್ದು ಒಂದೇ: ಪರೀಕ್ಷಕರ ಎದುರು ಎರಡು ಗಂಟೆ ಪಾಳಿ ನಡೆಸಬೇಕು, ಯಾವ ಕೆಲಸಕ್ಕೂ ತಾನು ಕೈ ಹಚ್ಚಬಾರದು. ಮಾಡಿಸಬೇಕು, ಅಷ್ಟೇ. ಆದರೆ ಅವಳ ಹಾಳು ಕೈ ಸುಮ್ಮನಿದ್ದರೆ ತಾನೆ? ಮೊದಲ ಸಲ ಜಾರುತ್ತಿದ್ದ ಗಾಡಿಯನ್ನು ಹಿಡಿದಳು. ಎರಡನೆಯ ಸಲ ಯಾರೋ ಅಡ್ಡಾದಿಡ್ಡಿ ಮಡಚಿದ್ದ ಹೊದಿಕೆಯನ್ನು ಬಿಡಿಸಿ ಮಡಚಿಯೇಬಿಟ್ಟಳು.

ಇದು ಮೂರನೆಯ ಸಲ, ಕೊನೆಯದು. ಅದೇ ಕೈಗಳ ಗೆಣ್ಣುಗಳು ಈಗ ಬಾತುಕೊಂಡಿದ್ದವು. ಬೆಳಿಗ್ಗೆ ಲೋಟ ಎತ್ತಿಕೊಡಲು ಮಗಳು ಬೇಕಿತ್ತು. "ಇನ್ನಾರು ತಿಂಗಳು ಯಂತ್ರದ ಹತ್ರ ನಿಂತ್ರೆ ಈ ಕೈ ಆಸೆ ಬಿಟ್ಬಿಡಿ" ಎಂದಿದ್ದರು ಡಾಕ್ಟರು. ಮ್ಯಾನೇಜರ್ ಆಗದಿದ್ದರೆ ಕೆಲಸ ಬಿಡಬೇಕು. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ.

ಪರೀಕ್ಷಕರು ಕಾಗದ ಹಿಡಿದು ಕಂಬಕ್ಕೊರಗಿ ನಿಂತರು. ಅಕ್ಕ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಒಂದೂಮುಕ್ಕಾಲು ಗಂಟೆ ಹೇಗೋ ಕಳೆಯಿತು. ಆಗ ಇಸ್ತ್ರಿ ಯಂತ್ರದ ಉರುಳೆಗಳ ನಡುವೆ ಹಾಸಿಗೆ ಬಟ್ಟೆಯೊಂದು ಸುತ್ತಿಕೊಂಡು ಸೀದ ವಾಸನೆ ಎದ್ದಿತು.

ಯಂತ್ರದ ಬಳಿ ಇದ್ದವಳು ಗಿಡ್ಡಕ್ಕ. ಅವಳೂ ಅಕ್ಕನೂ ಒಂದೇ ದಿನ ಕೆಲಸಕ್ಕೆ ಸೇರಿದವರು. ಇಷ್ಟು ವರ್ಷ ಬಟ್ಟೆ ಸಿಕ್ಕಿಕೊಂಡಾಗಲೆಲ್ಲ ಓಡಿಬಂದು ಬಿಡಿಸುತ್ತಿದ್ದವಳು ಅಕ್ಕನೇ. ಗಿಡ್ಡಕ್ಕ ಅಭ್ಯಾಸದಂತೆ ಅವಳತ್ತ ನೋಡಿದಳು, ಮರುಕ್ಷಣ ಏನೋ ನೆನಪಾಗಿ ಮುಖ ತಿರುಗಿಸಿದಳು. ಅಕ್ಕ ಬೆನ್ನ ಹಿಂದಿನ ಕೈ ಬಿಡದೆ ನಿಂತಲ್ಲಿಂದಲೇ ಕೂಗಿದಳು:

"ಕೆಂಪು ಬಟನ್ ಒತ್ತು. ಗ್ಲೌಸ್ ಹಾಕ್ಕೋ. ಈಗ ಎಳಿ, ನಿಧಾನ."

ಗಿಡ್ಡಕ್ಕ ಹೇಳಿದ್ದನ್ನೆಲ್ಲ ಹೇಳಿದ ಹಾಗೆಯೇ ಮಾಡಿದಳು. ಬಲಗಡೆಯಿಂದ ಕೈ ತೂರಿಸಿದಳು. ಬಲಗಡೆ ಉಗಿಯ ಕೊಳವೆ ಇದೆ, ಎಡಗಡೆಯಿಂದಲೇ ಎಳೆಯಬೇಕು ಎನ್ನುವುದು ಅಕ್ಕನ ಕೈಗೆ ಗೊತ್ತಿತ್ತು. ಎಲ್ಲವನ್ನೂ ತಾನೇ ಮಾಡುತ್ತಿದ್ದವಳಿಗೆ ಅದನ್ನು ಯಾರಿಗೂ ಹೇಳಿಕೊಡುವ ಪ್ರಮೇಯವೇ ಬಂದಿರಲಿಲ್ಲ. "ಎಡಗಡೆ..." ಎನ್ನುವಷ್ಟರಲ್ಲಿ ಗಿಡ್ಡಕ್ಕ ಚೀರಿ ಕೈ ಹಿಂದಕ್ಕೆಳೆದುಕೊಂಡಳು. ಗ್ಲೌಸಿನ ಅಂಚಿನಿಂದ ಮೊಣಕೈವರೆಗೆ ಚರ್ಮ ಸುಲಿದು ಕೆಂಪಾಗಿತ್ತು.

"ಅಪಘಾತದ ಪುಸ್ತಕ ತುಂಬಿ ಕೊಡಿ. ಅದನ್ನ ನೋಡಿ ಫಲಿತಾಂಶ ಬರೀತೀನಿ" ಎಂದರು ಪರೀಕ್ಷಕರು.

ನಲ್ಲಿಯ ಕೆಳಗೆ ಕೈಯೊಡ್ಡಿ ನಿಂತಿದ್ದ ಗಿಡ್ಡಕ್ಕನ ಪಕ್ಕದಲ್ಲೇ ಅಕ್ಕ ಪುಸ್ತಕ ತೆರೆದಳು. 'ಕಾರಣ' ಎಂಬಲ್ಲಿ ಪೆನ್ನು ನಿಂತಿತು. ತಾನು ಹೇಳಿಕೊಟ್ಟಿರಲಿಲ್ಲ ಎಂದು ಬರೆದರೆ ಎಲ್ಲ ಅಲ್ಲಿಗೇ ಮುಗಿಯಿತು.

"ನನ್ ತಪ್ಪು ಅಂತ ಬರಿ" ಎಂದಳು ಗಿಡ್ಡಕ್ಕ ಹಲ್ಲು ಕಚ್ಚಿಕೊಂಡು.

"ಹೇಗೆ ಬರೀಲಿ, ಗಿಡ್ಡಿ?"

"ಒಂದೂವರೆ ವರ್ಷ ವರದಿ ಬರೆಯೋದನ್ನೇ ತಾನೆ ಕಲ್ತಿದ್ದು? ಬರಿ."

ಬರೆಯಬಾರದಿತ್ತು. ಅದು ಅಕ್ಕನಿಗೂ ಗೊತ್ತಿತ್ತು. ತನ್ನ ಮೇಲೇ ಹೇಸಿಗೆಯಾಗುತ್ತಿದ್ದರೂ 'ಕೆಲಸಗಾರ್ತಿಯ ಅಜಾಗರೂಕತೆ' ಎಂದು ಬಾತ ಬೆರಳುಗಳಿಂದ ದುಂಡಗೆ ಬರೆದಳು.

ಪರೀಕ್ಷಕರು ಓದಿ ಸಹಿ ಹಾಕಿದರು. "ಕೊನೆಗೂ ಕೈ ಹಚ್ಚದೆ ಕೆಲಸ ಮಾಡಿಸೋದು ಕಲ್ತ್ರಿ" ಎಂದರು.

"ಏನಂದ್ರು?" ಎಂದು ಗಿಡ್ಡಕ್ಕ ಕೇಳಿದಾಗ ಅಕ್ಕ ಪಾಸಾಯಿತೆಂಬಂತೆ ತಲೆಯಾಡಿಸಿದಳು.

"ಪಾಸಾದ್ಲು ಕಣ್ರೇ ನಮ್ಮಕ್ಕ" ಎಂದು ಗಿಡ್ಡಕ್ಕ ಎಲ್ಲರಿಗೂ ಕೇಳುವಂತೆ ಕೂಗಿದಳು. ಹೆಂಗಸರೆಲ್ಲ ಯಂತ್ರ ಬಿಟ್ಟು ಬಂದು ಚಪ್ಪಾಳೆ ತಟ್ಟಿದರು. ಗಿಡ್ಡಕ್ಕನೊಬ್ಬಳಿಗೆ ತಟ್ಟಲಾಗಲಿಲ್ಲ.