ಮುದ್ದೆಯ ಮೊದಲ ತುತ್ತು

ಡಾಕ್ಟರುಗಳೇ, ವಿಜ್ಞಾನಿಗಳೇ, ಮಿಕ್ಕ ಓದುಗರೇ, ಸ್ವಲ್ಪ ಸರಿದು ದಾರಿ ಬಿಡಿ. ಕ್ಯಾನ್ಸರ್ ಮಾತ್ರೆಯನ್ನು ಗಂಟಲಿಗೂ ಗೊತ್ತಾಗದಂತೆ ಒಳಗೆ ಸಾಗಿಸುವ ವಾಹನವನ್ನು ತೊಂಬತ್ತಾರನೇ ಇಸವಿಯಲ್ಲಿ, ಹೊಸಹೊಳಲಿನ ಅಡುಗೆಮನೆಯಲ್ಲಿ ಕಂಡುಹಿಡಿದ ಭೂಪನ ಹೆಸರು ಲೋಕೇಶ್. ವಯಸ್ಸು ಹತ್ತೊಂಬತ್ತು. ಪಿಯುಸಿಯಲ್ಲಿ ಎರಡು ಸಲ ಡುಮ್ಕಿ, ಕೆ.ಆರ್. ಪೇಟೆ ಟಾಕೀಸಿನಲ್ಲಿ ಮಾತ್ರ ತಪ್ಪದ ಹಾಜರಿ. ಅವನು ಕೊಟ್ಟ ಮಾತ್ರೆಯಿಂದ ಅವನ ದೊಡ್ಡವ್ವನಿಗೆ ಒಂದು ವಾಂತಿಯಿಲ್ಲ, ಒಂದು ಕೂದಲು ಉದುರಲಿಲ್ಲ. ಹೆಂಗೆ?

ದೊಡ್ಡವ್ವ ಚಲುವಮ್ಮನ ಎದೆಯ ಗಡ್ಡೆಯನ್ನು ಮೈಸೂರಿನಲ್ಲಿ ತೆಗೆದಿದ್ದರು. ಉಳಿದ ಬೇರು ಸಾಯಲೆಂದು ಎರಡು ಥರದ ಮಾತ್ರೆ ಬರೆದುಕೊಟ್ಟಿದ್ದರು. ಎರಡೂ ಜೊತೆಗೆ, ಹದಿನಾಲ್ಕು ದಿನ, ತಪ್ಪಿದರೆ ಗಡ್ಡೆ ಮತ್ತೆ ಚಿಗುರಬಹುದು. ಮೂರು ದಿನ ನುಂಗಿ, ಕರುಳು ಕಿತ್ತುಬರುವಂತೆ ಕಕ್ಕಿದ ಚಲುವಮ್ಮ ನಾಲ್ಕನೇ ದಿನ ಬಾಯಿ ಬಿಗಿದಳು.

"ಸತ್ರೆ ಒಟ್ಟೆ ತುಂಬ ಉಂಡೇ ಸಾಯ್ತೀನಿ ಕಣ್ಲಾ. ಆ ಇಸಾನ ಮುಟ್ಟಾಕಿಲ್ಲ."

ಹೆತ್ತವ್ವ ನಿಂಗಮ್ಮನಿಗಿಂತ ಹೆಚ್ಚಾಗಿ ಲೋಕೇಶನನ್ನು ಸಾಕಿದವಳು ಅವಳು. ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಕೊಟ್ಟಿಗೆಗೆ ಹೋಗುವನು, ಬರುವನು, ಮಾತ್ರೆ ಚೀಟಿ ಬಿಚ್ಚುವನು, ಮಡಚುವನು.

ದೊಡ್ಡವ್ವನ ಮಗ ಶ್ರೀನಾಥ್ ಮೈಸೂರಿನಲ್ಲಿ ರಸಾಯನಶಾಸ್ತ್ರದ ಸಂಶೋಧನೆ ಮಾಡುತ್ತಿದ್ದ. ಊರಿಗೆ ಬಂದಿದ್ದವನನ್ನು ಲೋಕೇಶ್ ಬಸ್ಸು ಹತ್ತಿಸಲು ಹೋದಾಗ ಅವನೇ ಹೇಳಿದ: ಹೊರದೇಶದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೊಬ್ಬಿನ ಗುಳ್ಳೆ ಮಾಡಿ, ಒಂದರೊಳಗೇ ಎರಡು ಔಷಧ ತುಂಬಿ ನೋಡುತ್ತಿದ್ದಾರಂತೆ. ದಾರಿಯಲ್ಲಿ ಯಾರ ತಂಟೆಗೂ ಹೋಗದೆ ಗಡ್ಡೆಯ ಹತ್ತಿರವೇ ಅದು ಒಡೆಯಬೇಕಂತೆ. ಇಲ್ಲಿಗೆ ಬರಲು ಇನ್ನೂ ಎಷ್ಟು ವರ್ಷವೋ.

"ಗುಳ್ಳೆ ಅವ್ರ್ದಾದ್ರೆ ಮುದ್ದೆ ನಮ್ದು ಅಣ್ಣೋ," ಎಂದ ಲೋಕೇಶ್, ಕಾಲರ್ ಎತ್ತಿ. "ಅಗಿಯಂಗಿಲ್ಲ, ನುಂಗೋದೇ. ಲೋಕಿ ಕೈ ಇಟ್ಟ ಅಂದ್ರೆ ಯಮನೂ ರಿಟರ್ನ್ ಬಸ್ ಅತ್ತಬೇಕು."

ತಮಾಷೆಯೆಂದು ಶ್ರೀನಾಥ್ ನಕ್ಕು ಬಸ್ಸು ಹತ್ತಿದ.

ಡಾಕ್ಟರು ಮಾತ್ರೆ ನಿಲ್ಲಿಸಿದ್ದಾರೆಂದು ದೊಡ್ಡವ್ವನಿಗೊಂದು ಸುಳ್ಳು. ಅವಳೇ ನುಂಗುತ್ತಿದ್ದಾಳೆಂದು ಅವ್ವನಿಗೊಂದು ಸುಳ್ಳು. ನಿಂಗಮ್ಮ ಮುದ್ದೆ ಕಟ್ಟಿಟ್ಟು ಅತ್ತ ತಿರುಗಿದೊಡನೆ ಇವನು ಹೆಬ್ಬೆರಳು ಒದ್ದೆ ಮಾಡಿ, ಎರಡೂ ಮಾತ್ರೆಯನ್ನು ಮುದ್ದೆಯ ನೆತ್ತಿಗೆ ಒತ್ತಿ ಸವರಿಬಿಡುತ್ತಿದ್ದ. ನೆತ್ತಿಯೇ ಯಾಕೆ? ಕೊನೆಯ ತುತ್ತನ್ನು ತಟ್ಟೆಯಲ್ಲಿ ಬಿಟ್ಟಾಳು, ಮೊದಲನೆಯದನ್ನು ಬಿಡುವುದುಂಟೆ?

ದೊಡ್ಡವ್ವ ಹಿತ್ತಲ ಮೆಟ್ಟಿಲ ಮೇಲೆ ಕೂತು ಉಣ್ಣುವವಳು. ಅಡುಗೆಮನೆಯಿಂದ ಅವಳ ಬೆನ್ನಷ್ಟೇ ಕಾಣುತ್ತಿತ್ತು. ಲೋಕೇಶ್ ಬಾಗಿಲಲ್ಲೇ ಉಗುರು ಕಚ್ಚುತ್ತ ನಿಲ್ಲುವನು. ಈಗ ಕಕ್ಕುತ್ತಾಳೆ, ಇನ್ನೇನು ಕಕ್ಕುತ್ತಾಳೆ. ಕಕ್ಕಲಿಲ್ಲ. ಒಂಬತ್ತು ದಿನ ಕಳೆಯಿತು. ಕೆನ್ನೆ ತುಂಬಿ ಬಂತು. ಹಟ್ಟಿಯವರೆಲ್ಲ ಬೆರಗಾದರೆ ಲೋಕೇಶ್ ಕನ್ನಡಿ ಮುಂದೆ ನಿಂತು ಸನ್ಮಾನದ ಭಾಷಣ ಕಲಿಯತೊಡಗಿದ.

ಶನಿವಾರ ಶ್ರೀನಾಥ್ ಬಂದ. ಅವ್ವನನ್ನು ಕಂಡು ಹಿಗ್ಗಿದ. ಹಿತ್ತಲಿನಲ್ಲಿ ಮನೆ ನಾಯಿ ಕೆಂಚ ಬಾಲ ಆಡಿಸಲೂ ಏಳದೆ ಮಲಗಿತ್ತು. ಅದರ ಮೂತಿ ಎತ್ತಿ ನೋಡಿದವನೇ ಕರೆದ.

"ಲೇ ಲೋಕಿ, ಇವ್ನ ಮೀಸೆ ಎಲ್ಲೋಯ್ತಲಾ?"

ಒಂದು ಎಳೆಯೂ ಇರಲಿಲ್ಲ. ವಾರದಿಂದ ಉಂಡಿದ್ದೆಲ್ಲ ಕಕ್ಕುತ್ತಿದೆ ಎಂದಳು ಚಲುವಮ್ಮ. ಲೋಕೇಶ್ ಹತ್ತಿರ ಬಂದ. ನಾಯಿಗೆ ಏನು ಹಾಕುತ್ತೀ ಎಂದು ಮೆಲ್ಲಗೆ ಕೇಳಿದ.

"ಮುದ್ದೆ ಕಣ್ಲಾ. ಮೊದ್ಲ ತುತ್ತು ನಾಯಿಗಾಕ್ದೆ ನಾನ್ಯಾವತ್ತು ಉಂಡಿದ್ದೀನಿ?"

ಲೋಕೇಶ್ ಎಲ್ಲ ಒಪ್ಪಿಕೊಂಡ. ಶ್ರೀನಾಥ್ ಒಂದು ಬಾರಿಸಿ, ಡಾಕ್ಟರಿಗೆ ಫೋನು ಮಾಡಲು ಎಸ್ಟಿಡಿ ಬೂತಿಗೆ ಓಡಿದ. ಮೊದಲಿನಿಂದ ಶುರುಮಾಡಬೇಕು, ಇನ್ನು ತಪ್ಪಿದರೆ ತಾವು ಹೊಣೆಯಲ್ಲ ಎಂದರಂತೆ. ಚಲುವಮ್ಮ ಬಹಳ ಹೊತ್ತು ಕೆಂಚನ ಬೋಳು ಮೂತಿ ಸವರಿದಳು.

"ಒಂಬತ್ ದಿನ ತಡ್ಕಂಡವ್ನಾ ಇವ್ನು?"

"ಊಂ ದೊಡ್ಡವ್ವ."

"ತತ್ತಾ ಅತ್ಲಾಗೆ," ಎಂದು ಅಂಗೈ ಚಾಚಿದಳು.

ಹದಿನಾಲ್ಕು ದಿನ ನುಂಗಿದಳು. ಕಕ್ಕಿದಳು, ಬಾಚಣಿಗೆ ತುಂಬ ಕೂದಲು ಬಂತು. ಕೆಂಚ ಚೇತರಿಸಿಕೊಂಡಿತು.

ಹಾಗಾಗಿ ಓದುಗರೇ, ವಾಹನ ಕಂಡುಹಿಡಿದದ್ದು ಸುಳ್ಳು. ಅವಳು ಕಕ್ಕಲಿಲ್ಲ, ಕೂದಲು ಉದುರಲಿಲ್ಲ ಎಂದದ್ದು ನಿಜ; ಔಷಧ ಅವಳ ಹೊಟ್ಟೆಗೇ ಹೋಗಿರಲಿಲ್ಲ. ಆಮೇಲಿನ ಹದಿನಾಲ್ಕು ದಿನವೂ ಬೇಸಿನ್ ಹಿಡಿದು ನಿಂತ ಲೋಕೇಶನ ಬಾಯಲ್ಲಿ ಒಂದು ಡೈಲಾಗೂ ಬರಲಿಲ್ಲ. ನನಗೆ ಗೊತ್ತು. ಬೇಸಿನ್ ಹಿಡಿದದ್ದು ಇದೇ ಕೈ.