ಕಾಲು ಭಾಗ

“ಇನ್ನೊಂದ್ಸಲ ಹೇಳ್ತೀನಿ, ಮಿಸ್ಟರ್ ವೀಸ್. ‘ಪರವಾಗಿಲ್ಲ, ಚೆನ್ನಾಗಿದ್ದೀನಿ’ ಅಂತ ಮಾತ್ರ ಬಾಯಿತಪ್ಪಿಯೂ ಅನ್ನಬೇಡಿ,” ಎಂದಳು ಲಾಯರ್ ಕಾರ್ಲಾ ಡೆಂಪ್ಸಿ.

ಗಾರ್ಲಂಡ್ ವೀಸ್ ತಲೆಯಾಡಿಸಲು ಹೋಗಿ ತಡೆದುಕೊಂಡ. ಆಡಿಸಿದರೆ ಕಾಫಿ ಅಂಗಡಿಯ ನೆಲ ಎಡಕ್ಕೆ ವಾಲುತ್ತಿತ್ತು. ಮೂರು ವರ್ಷದಿಂದ ಹೀಗೆ. ಎಡಗಿವಿಯೊಳಗೆ ಎಲ್ಲೋ ದೂರದಲ್ಲಿ ನೀರು ಧುಮುಕುವ ಸದ್ದು. ಅದು ಏರಿದಾಗ ಕಾಲಕೆಳಗಿನದೆಲ್ಲ ದೋಣಿ. ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವನು ಅವನು. ಭೂಮಿ ತಿರುಗುತ್ತಿದ್ದರೂ ಅದು ಯಾರ ಅನುಭವಕ್ಕೂ ಬರುವುದಿಲ್ಲವೆಂದು ಪ್ರತಿ ವರ್ಷ ಹೊಸ ಮಕ್ಕಳಿಗೆ ಹೇಳುತ್ತಿದ್ದ. ಈಗ ಅವನೊಬ್ಬನ ಅನುಭವಕ್ಕೆ ಬರುತ್ತಿತ್ತು.

ಕೊನೆಯ ದಿನ ಅವನು ಬಿದ್ದದ್ದು ಕರಿಹಲಗೆಯ ಮುಂದೆ, ಒಹಾಯೊ ನದಿಯ ತಿರುವೊಂದನ್ನು ಬರೆಯುತ್ತಿದ್ದಾಗ. ಮಕ್ಕಳು ಮೊದಲು ನಕ್ಕರು. ಆಮೇಲೆ ನಗಲಿಲ್ಲ. ಆ ಎರಡನೆಯದು ಅವನಿಗೆ ಇನ್ನೂ ಚುಚ್ಚುತ್ತಿತ್ತು.

ಅಂಗವಿಕಲರ ವೇತನಕ್ಕೆ ಹಾಕಿದ ಅರ್ಜಿ ಎರಡು ಸಲ ತಿರಸ್ಕೃತವಾದ ಮೇಲೆ ಹೆಂಡತಿ ನೊರೀನ್ ಈ ಲಾಯರನ್ನು ಹುಡುಕಿದ್ದಳು. ಮೊದಲ ಭೇಟಿಯಲ್ಲೇ ಕಾರ್ಲಾ ತನ್ನ ಬೆಲೆಯನ್ನು ಹವಾಮಾನದ ಸುದ್ದಿ ಹೇಳುವವಳಂತೆ ಹೇಳಿಬಿಟ್ಟಿದ್ದಳು. ಸೋತರೆ ತನಗೆ ಏನೂ ಬೇಡ. ಗೆದ್ದರೆ ಸರ್ಕಾರ ಒಟ್ಟಿಗೆ ಕೊಡುವ ಹಿಂದಿನ ಬಾಕಿಯಲ್ಲಿ ಕಾಲು ಭಾಗ ತನ್ನದು. ಅದಕ್ಕೂ ಸರ್ಕಾರದ್ದೇ ಒಂದು ಮಿತಿ ಇದೆ. “ಅಂದ್ರೆ ಕೇಸು ಎಳೆದಷ್ಟೂ ನನ್ನ ಪಾಲು ಬೆಳೆಯುತ್ತೆ. ಆಮೇಲೆ ಗೊತ್ತಾಗಿ ಬೈಯೋ ಬದಲು ಈಗಲೇ ಬೈದುಬಿಡಿ,” ಎಂದಿದ್ದಳು. ಗಾರ್ಲಂಡ್‌ಗೆ ಅವಳು ಹಿಡಿಸಿದ್ದಳು. ರುಜು ಹಾಕುವಾಗ ಅಕ್ಷರಗಳು ಗೆರೆಯಿಂದ ಜಾರಿದವು. ಕಾಗದದಲ್ಲಿ ಬರೆದಿದ್ದುದು ಹಣದ ಕಾಲು ಭಾಗ. ಆದರೂ ಮನೆಗೆ ಬಂದು ಮಲಗಿದಾಗ, ತನ್ನಲ್ಲಿ ಯಾವ ಕಾಲು ಭಾಗ ಹೋಗಲಿದೆ ಎಂದು ಅವನು ಸುಮ್ಮನೆ ಯೋಚಿಸಿದ್ದ. ಅದಾಗಿ ಹದಿನಾಲ್ಕು ತಿಂಗಳು. ಇವತ್ತು ವಿಚಾರಣೆ.

“ಇದನ್ನ ನೀವು ಓದಿರೋದು ಒಳ್ಳೇದು,” ಎಂದು ಕಾರ್ಲಾ ನಾಲ್ಕು ಹಾಳೆಗಳನ್ನು ಮೇಜಿನ ಮೇಲೆ ಸರಿಸಿದಳು. “ನ್ಯಾಯಾಧೀಶರು ಕೇಳಬಹುದು.”

ನೊರೀನಳ ದುಂಡು ಬರವಣಿಗೆ. ದಿನವೂ ಗಂಡನನ್ನು ಕಂಡವಳಾಗಿ ಅವಳು ಬರೆದುಕೊಟ್ಟಿದ್ದ ಹೇಳಿಕೆ. ಪಕ್ಕದಲ್ಲೇ ಕೂತಿದ್ದ ನೊರೀನ್ ಕಿಟಕಿಯ ಹೊರಗೆ ನೋಡತೊಡಗಿದಳು.

‘ನನ್ನ ಗಂಡ ಅರ್ಧ ಗಂಟೆಗಿಂತ ಹೆಚ್ಚು ನೆಟ್ಟಗೆ ಕೂರಲಾರ. ಅವನು ಸ್ನಾನಕ್ಕೆ ಹೋದಾಗ ನಾನು ಬಾಗಿಲ ಹೊರಗೆ ನೆಲದ ಮೇಲೆ ಕೂತಿರುತ್ತೇನೆ. ಇದು ಅವನಿಗೆ ತಿಳಿಯದು. ಮೊದಲು ನದಿಗಳ ನಕ್ಷೆ ಬರೆಯುತ್ತಿದ್ದ. ಪೆನ್ಸಿಲು ಮುಟ್ಟಿ ಒಂದು ವರ್ಷದ ಮೇಲಾಯಿತು. ಬೆಳಿಗ್ಗೆ ನಾನು ದಂತವೈದ್ಯರ ಆಫೀಸಿಗೆ ಕೆಲಸಕ್ಕೆ ಹೊರಡುವಾಗ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಾನೆ, ಬಂದಾಗಲೂ ಹಾಗೆಯೇ. ಕೆಲವು ಸಲ ಮನೆಯಲ್ಲಿ ಅವನಿದ್ದಾನೆ ಎನ್ನುವುದೇ ನನಗೆ ಮರೆತುಹೋಗುತ್ತದೆ.’

ಅವನು ಹಾಳೆಗಳನ್ನು ಅಂಚು ಸೇರಿಸಿ ಜೋಡಿಸಿದ.

“ಕೊನೇ ವಾಕ್ಯ ನಮಗೆ ತುಂಬಾ ಸಹಾಯ ಮಾಡತ್ತೆ,” ಎಂದಳು ಕಾರ್ಲಾ.

“ಎಲ್ಲಾನೂ ಚೆನ್ನಾಗಿ ನೋಡಿ ಬರೆದಿದೀಯ,” ಎಂದ ಅವನು ಹೆಂಡತಿಗೆ.

“ಕೇಳಿದ್ರು, ಬರೆದೆ,” ಎಂದಳು ನೊರೀನ್. “ಕಾಫಿ ಆರ್ತಿದೆ.”

ವಿಚಾರಣೆಯ ಕೋಣೆ ಅವನು ಅಂದುಕೊಂಡದ್ದಕ್ಕಿಂತ ಚಿಕ್ಕದು. ನ್ಯಾಯಾಧೀಶರಿಗೆ ನೆಗಡಿಯಾಗಿತ್ತು, ಮೆದು ಮಾತಿನ ಮುದುಕ. ಮಬ್ಬು ಬೆಳಕು ಮೇಜಿನ ಮೇಲೆ ಹರಡಿತ್ತು. ಯಾರಿಗೆ ಯಾವ ಕೆಲಸ ಸಾಧ್ಯವೆಂದು ಹೇಳುವ ಉದ್ಯೋಗಗಳ ತಜ್ಞನೊಬ್ಬ ಬೇರೆ ಊರಿನಿಂದ ಫೋನಿನಲ್ಲಿದ್ದ. ಮೇಜಿನ ನಡುವಿನ ಕಪ್ಪು ಪೆಟ್ಟಿಗೆಯಿಂದ ಆಗಾಗ ಅವನ ಉಸಿರು ಕೇಳುತ್ತಿತ್ತು. ಗಾರ್ಲಂಡ್ ಕುರ್ಚಿಯ ಕೈಗಳನ್ನು ಹಿಡಿದು ಕುಳಿತ. ಕೋಣೆ ನಿಧಾನವಾಗಿ ತೇಲುತ್ತಿತ್ತು. ಭಯವಾಗಲಿಲ್ಲ. ದಡ ಬಿಟ್ಟವರಿಗೆ ಆಗುವಂಥ ಒಂದು ಹಗುರಭಾವ.

ವಯಸ್ಸು, ಓದು, ಔಷಧಿ, ಬಿದ್ದ ದಿನಗಳು. ಹೇಳಿಕೊಟ್ಟಂತೆ ಉತ್ತರಿಸಿದ. ತಿಂಗಳಿಗೆ ಎಷ್ಟು ಸಲ ವಾಂತಿ ಎಂದು ಕೇಳಿದಾಗ ಅದನ್ನೂ ಹೇಳಿದ. ಯಾವನೋ ಪರಿಚಯದವನ ಬಗ್ಗೆ, ಅಷ್ಟೇನೂ ಹತ್ತಿರದವನಲ್ಲದವನ ಬಗ್ಗೆ ಹೇಳುತ್ತಿರುವಂತೆ ಅನಿಸಿತು.

“ದಿನ ಹೇಗೆ ಕಳೀತೀರಿ?” ಎಂದರು ನ್ಯಾಯಾಧೀಶರು.

ಮಲಗಿರುತ್ತೇನೆ. ಅಷ್ಟೇ ಹೇಳಬೇಕಿತ್ತು, ಅದು ನಿಜವೂ ಆಗಿತ್ತು.

“ನಕ್ಷೆ ಬರೀತೀನಿ,” ಎಂದ ಗಾರ್ಲಂಡ್.

ಕಾರ್ಲಾಳ ಪೆನ್ನು ನಿಂತಿತು.

“ನಕ್ಷೆ?”

“ಒಹಾಯೊ ನದೀದು. ಮೂಲದಿಂದ ಸಂಗಮದ ತನಕ. ಒಂದೊಂದು ತಿರುವೂ. ದಿನಾ ಬೆಳಿಗ್ಗೆ.”

“ಎಷ್ಟು ಹೊತ್ತು ಕೂರ್ತೀರಿ?”

“ಎರಡು ಗಂಟೆ. ಕೆಲವು ದಿನ ಮೂರು.”

ಹೇಳುತ್ತಿದ್ದಂತೆ ಅದು ಅವನ ಕಣ್ಣಿಗೆ ಕಂಡಿತು. ಅಡುಗೆಮನೆಯ ಮೇಜು, ಚೂಪು ಪೆನ್ಸಿಲು, ನಡುಗದ ಕೈ, ಬಿಳಿ ಹಾಳೆಯ ಮೇಲೆ ತಾನಾಗಿ ಹರಿಯುವ ನೀಲಿ. ಎಷ್ಟೋ ತಿಂಗಳಲ್ಲಿ ಇಷ್ಟು ಸ್ಪಷ್ಟವಾಗಿ ಅವನಿಗೆ ಏನೂ ಕಂಡಿರಲಿಲ್ಲ. ಇನ್ನಷ್ಟು ಹೇಳಿದ. ಉಪನದಿಗಳ ಹೆಸರು ಹೇಳಿದ. ನ್ಯಾಯಾಧೀಶರು ಮೂಗು ಒರೆಸಿಕೊಳ್ಳುವುದನ್ನೂ ಮರೆತು ಕೇಳಿದರು. ತಮ್ಮ ಅಜ್ಜ ಅದೇ ನದಿಯಲ್ಲಿ ಕಲ್ಲಿದ್ದಲ ದೋಣಿಗಳನ್ನು ನಡೆಸುತ್ತಿದ್ದುದನ್ನು ಹೇಳಿದರು.

ಆಮೇಲೆ ಹಾಳೆಗಳನ್ನು ತಿರುವಿ ನೊರೀನಳ ಕಡೆ ನೋಡಿದರು. “ಮಿಸೆಸ್ ವೀಸ್, ನೀವು ಬರೆದಿರೋದು ಬೇರೆ ಥರ ಇದೆ. ಅವರು ನಕ್ಷೆ ಬರೀತಾರಾ?”

ಗಾರ್ಲಂಡ್ ತಿರುಗಿ ನೋಡಲಿಲ್ಲ, ತಿರುಗಿದರೆ ಬೀಳುತ್ತಿದ್ದ. ಅವಳು ಒಂದು ಮಾತು ಹೇಳಿದರೆ ಸಾಕಿತ್ತು. ‘ಸುಳ್ಳು’ ಎಂದರೆ ಬಹುಶಃ ಗೆಲುವು, ‘ಹೌದು’ ಎಂದರೆ ಅವನ ಮಾನ. ಎರಡರಲ್ಲಿ ಯಾವುದನ್ನು ತಾನು ಬಯಸುತ್ತಿದ್ದೇನೆಂದು ಅವನಿಗೇ ತಿಳಿಯಲಿಲ್ಲ.

“ಬೆಳಿಗ್ಗೆ ನಾನು ಕೆಲಸಕ್ಕೆ ಹೋಗಿರ್ತೀನಿ,” ಎಂದಳು ನೊರೀನ್. “ನನಗೆ ಗೊತ್ತಿಲ್ಲ.”

ನ್ಯಾಯಾಧೀಶರು ಪೆಟ್ಟಿಗೆಯತ್ತ ಬಾಗಿದರು. ಒಟ್ಟಿಗೆ ಎರಡು ಗಂಟೆ ಕೂತು ಸೂಕ್ಷ್ಮ ಕೆಲಸ ಮಾಡಬಲ್ಲವನಿಗೆ ಉದ್ಯೋಗವಿದೆಯೇ ಎಂದರು. ಇದೆ, ಎಂದಿತು ಪೆಟ್ಟಿಗೆ, ಸೌಜನ್ಯದಿಂದ. ಕನ್ನಡಕದ ಗಾಜಿನ ಗೀರು ಪರೀಕ್ಷಿಸುವುದು. ಬಟ್ಟೆಯ ಚೀಟಿ ವಿಂಗಡಿಸುವುದು. ಕಾವಲು ಕ್ಯಾಮೆರಾದ ಪರದೆ ನೋಡುತ್ತಾ ಕೂರುವುದು. ದೇಶದಲ್ಲಿ ಅಂಥ ಕೆಲಸ ಸಾವಿರಾರು. ಕಾರ್ಲಾ ಎದ್ದು ತನ್ನ ಪ್ರಶ್ನೆ ಕೇಳಿದಳು: ಅದೇ ಮನುಷ್ಯ ತಿಂಗಳಿಗೆ ನಾಲ್ಕು ದಿನ ಏಳಲಾರದೆ ಹೋದರೆ? ಪೆಟ್ಟಿಗೆ ಅದೇ ಸೌಜನ್ಯದಿಂದ ಉತ್ತರಿಸಿತು. “ಹಾಗಾದರೆ ಅವನಿಗೆ ಎಲ್ಲೂ ಕೆಲಸ ಇಲ್ಲ.”

ವೇತನ ದೊರಕಿಸಬಲ್ಲ ಈ ಮಾತನ್ನು ಕೇಳಲೆಂದೇ ಅವರು ಹದಿನಾಲ್ಕು ತಿಂಗಳು ಕಾದಿದ್ದರು. ನ್ಯಾಯಾಧೀಶರು ಅದನ್ನು ಬರೆದುಕೊಂಡರೋ ಇಲ್ಲವೋ ಕಾಣಲಿಲ್ಲ. ಹತ್ತು ದಿನದೊಳಗೆ ಈಚಿನ ನಕ್ಷೆಯೊಂದನ್ನು ಕಳಿಸಿಕೊಡಿ, ಫೈಲಿನಲ್ಲಿರಲಿ ಎಂದರು. ಅವರ ದನಿಯಲ್ಲಿ ನಿಜವಾದ ಆಸೆಯಿತ್ತು.

ಕಾರಿಡಾರಿನಲ್ಲಿ ಕಾರ್ಲಾ ತನ್ನ ಚೀಲದ ಜಿಪ್ಪನ್ನು ಎರಡು ಸಲ ಎಳೆದು ಮುಚ್ಚಿದಳು.

“ನಕ್ಷೆ ಇದೆಯಾ?”

“ಇಲ್ಲ.”

“ಮತ್ಯಾಕೆ ಹೇಳಿದ್ರಿ?”

ಗಾರ್ಲಂಡ್ ಗೋಡೆಗೆ ಕೈಯೂರಿ ನಿಂತ. ಅವರು ಕೇಳಿದರು, ಅದಕ್ಕೆ ಹೇಳಿದೆ ಎನ್ನಬೇಕೆನಿಸಿತು. 

ಕಳಿಸಿದರೆ ಏನಾಗುತ್ತದೆ, ಕಳಿಸದಿದ್ದರೆ ಏನಾಗುತ್ತದೆ ಎಂದು ಕಾರ್ಲಾ ವಿವರಿಸಿದಳು. ಒಂದರಲ್ಲಿ ಅವನು ಆರೋಗ್ಯವಂತ, ಇನ್ನೊಂದರಲ್ಲಿ ಸುಳ್ಳುಗಾರ. ಸೋತರೆ ತನಗೇನೂ ಕೊಡಬೇಕಿಲ್ಲವೆಂದು ಮತ್ತೆ ನೆನಪಿಸಿದಳು. ಆಸ್ಪತ್ರೆಯ ದಾಖಲೆಗಳ ನಕಲಿಗೆ ಆದ ಖರ್ಚಷ್ಟೇ. ಅವನ ಭುಜವನ್ನು ಮೆಲ್ಲನೆ ತಟ್ಟಿ ಇನ್ನೊಬ್ಬ ಕಕ್ಷಿಗಾರನ ಕಡೆ ಹೋದಳು.

ಹೊರಗೆ ರಸ್ತೆ ವಿಚಿತ್ರವಾಗಿ ಖಾಲಿಯಿತ್ತು. ತುದಿಯಲ್ಲಿ ಪೊಲೀಸ್ ಕಾರೊಂದು ಅಡ್ಡ ನಿಂತಿತ್ತು. ನೊರೀನ್ ಎರಡು ಹೆಜ್ಜೆ ಮುಂದೆ ನಿಂತು ಪರ್ಸಿನಲ್ಲಿ ಕಾರಿನ ಕೀಲಿ ಹುಡುಕುತ್ತಿದ್ದಳು.

ಆಗ ತಿರುವಿನಲ್ಲಿ ಒಂದು ಮನೆ ಕಾಣಿಸಿಕೊಂಡಿತು. ಎರಡಂತಸ್ತಿನ ಬಿಳಿ ಮನೆ. ಮಾಡು, ಚಿಮಣಿ, ಮೇಲಿನ ಕಿಟಕಿಗೆ ಹಳದಿ ಪರದೆ. ಲಾರಿಯೊಂದು ಎಳೆಯುತ್ತಿದ್ದ ಸಾಲು ಗಾಲಿಗಳ ಮೇಲೆ ನಡಿಗೆಯ ವೇಗದಲ್ಲಿ ಬರುತ್ತಿತ್ತು. ಪಕ್ಕದಲ್ಲಿ ಇಬ್ಬರು ಉದ್ದನೆಯ ಕೋಲುಗಳಿಂದ ವಿದ್ಯುತ್ ತಂತಿಗಳನ್ನು ಎತ್ತಿ ಹಿಡಿದು ನಡೆಯುತ್ತಿದ್ದರು, ಸದ್ದಿಲ್ಲದೆ.

“ನೊರೀನ್, ಅದು ನಿಜವಾಗ್ಲೂ ಚಲಿಸ್ತಿದೆಯಾ?”

ಅವಳು ತಲೆಯೆತ್ತದೆ ಪರ್ಸು ತಡಕುತ್ತಲೇ ಇದ್ದಳು.

ಮನೆ ಅವನ ಎದುರಿಗೆ ಬಂತು. ಮುಂಬಾಗಿಲು ಅವನ ತಲೆಗಿಂತ ಎತ್ತರದಲ್ಲಿತ್ತು. ಅದರ ಕೆಳಗೆ ಮೆಟ್ಟಿಲುಗಳಿರಲಿಲ್ಲ. ಸರಿಯಾಗಿ ಚಿಲಕ ಹಾಕಿರಲಿಲ್ಲವೋ ಏನೋ, ಒಂದೊಂದು ಕುಲುಕಿಗೂ ಬಾಗಿಲು ಒಂದು ಗೇಣು ತೆರೆದುಕೊಳ್ಳುತ್ತಿತ್ತು, ಮತ್ತೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು.